ಹೊಡೆದುಹಾಕಿದ ನಾಲ್ಕು ಸಾಲು

ಗೌರೀಶ ಸರ್ ಎಂದರೆ ಮಾಯಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಖಾನಾಪುರದಿಂದ ದಿನಾ ಬಸ್ಸಿನಲ್ಲಿ ಜೋತಾಡಿಕೊಂಡು ಬೆಳಗಾವಿಯ ಕಾಲೇಜಿಗೆ ಬರುವ ಈ ಕುರಿಗಾರರ ಹುಡುಗಿಯನ್ನು ಕಂಡರೆ ಅವರಿಗೂ ಆಗುತ್ತಿರಲಿಲ್ಲ. ಪಾಠದ ನಡುವೆ ಒಮ್ಮೆ ಅವರ ತಪ್ಪು ತೋರಿಸಿದ್ದಳು, ಅಷ್ಟೇ ಅವಳ ಅಪರಾಧ. ಹೋದ ವರ್ಷ ಸಿ ಎಂಬ ಕಂಪ್ಯೂಟರ್ ಭಾಷೆಯ ಪ್ರಾಕ್ಟಿಕಲ್‌ನಲ್ಲಿ ನಪಾಸು ಮಾಡಿದ್ದರು. ಈ ಸಲವೂ ಹೋದರೆ ಡಿಪ್ಲೊಮಾ ಕೈಬಿಟ್ಟಂತೆಯೇ.

ಪರೀಕ್ಷೆಗೆ ವಾರವಿರುವಾಗ ಅವಳ ರೆಕಾರ್ಡ್ ಬುಕ್ ತಿರುವಿದರು. ಒಂದು ಫೈಲಿನಲ್ಲಿರುವುದನ್ನು ಇನ್ನೊಂದಕ್ಕೆ ನಕಲು ಮಾಡುವ ಪ್ರೋಗ್ರಾಮು. ಫೈಲುಗಳ ಹೆಸರನ್ನು ಪ್ರೋಗ್ರಾಮು ಓಡಿಸುವಾಗ ಆಜ್ಞೆ ಟೈಪು ಮಾಡುವ ಸಾಲಿನಲ್ಲೇ, ಕಮಾಂಡ್ ಲೈನಿನಲ್ಲಿ, ಒಂದರ ಮುಂದೊಂದು ಕೊಡಬೇಕು. ಮೊದಲನೆಯದನ್ನು ಓದುತ್ತದೆ, ಎರಡನೆಯದಕ್ಕೆ ಬರೆಯುತ್ತದೆ. ಬರೆಯಲು ತೆರೆದ ಕೂಡಲೇ ಆ ಫೈಲಿನಲ್ಲಿ ಮೊದಲಿದ್ದುದೆಲ್ಲ ಸಾಫ್. ಅದಕ್ಕೇ ಮಾಯಕ್ಕ ನಾಲ್ಕು ಸಾಲು ಹೆಚ್ಚಿಗೆ ಬರೆದಿದ್ದಳು: ಎರಡನೆಯ ಫೈಲು ಆಗಲೇ ಇದ್ದರೆ ಮುಟ್ಟದೆ ನಿಲ್ಲಬೇಕು.

"ಮ್ಯಾನುವಲ್‌ನ್ಯಾಗ ಇಲ್ಲದ್ದು ಇಲ್ಲಿ ಯಾಕ ಐತಿ?" ಕೆಂಪು ಪೆನ್ನಿನಿಂದ ನಾಲ್ಕೂ ಸಾಲು ಹೊಡೆದು ಸಹಿ ಹಾಕಿದರು. "ಪರೀಕ್ಷಾದಾಗೂ ಹಿಂಗ ಬರೀಬೇಕು. ಜಾಣತನಾ ಮಾಡೂದಾದ್ರ ಊರಾಗ ಕುರಿ ಎಣಿಸ್ಕೋತ ಕುಂದರು ಹೋಗು."

ಆ ಮಾತು ಅವಳಿಗೆ ಚುಚ್ಚಿತು. ಪರೀಕ್ಷೆಯ ದಿನ ಆ ನಾಲ್ಕು ಸಾಲು ಬಿಟ್ಟೇ ಪ್ರೋಗ್ರಾಮು ಬರೆದಳು. ಆದರೆ ನಕಲು ಮಾಡಿ ತೋರಿಸುವ ಫೈಲಿನಲ್ಲಿ ಹಟಕ್ಕೆ ಬಿದ್ದು ಅದನ್ನೇ ಬರೆದಳು: ಒಂದು ಕುರಿ, ಎರಡು ಕುರಿ, ಮೂರು ಕುರಿ.

ಹೊರಗಿನಿಂದ ಬಂದ ಪರೀಕ್ಷಕಿ ನಾಗರತ್ನಾ ಮೇಡಂ ಎದುರು ಪ್ರೋಗ್ರಾಮು ಚೆನ್ನಾಗಿಯೇ ಓಡಿತು. ಗೌರೀಶರಿಗೆ ತಡೆಯಲಾಗಲಿಲ್ಲ.

"ಮೂರು ಸಾಲಿಗೆ ಓಡತೈತ್ರಿ ಮೇಡಂ. ದೊಡ್ಡ ಫೈಲ್ ಕೊಟ್ರ ಇಕೀ ಬಣ್ಣ ಬಯಲಾಗತೈತಿ."

ಕುರ್ಚಿ ಎಳೆದು ಕುಳಿತು ತಮ್ಮ ಪೆನ್‌ಡ್ರೈವ್ ಹಾಕಿದರು. ಅದರಲ್ಲಿ ಇಡೀ ತರಗತಿಯ ಇಂಟರ್ನಲ್ ಅಂಕಗಳ ಫೈಲಿತ್ತು, ಇನ್ನೂ ಆಫೀಸಿಗೆ ಕೊಟ್ಟಿರಲಿಲ್ಲ. ಅದನ್ನೇ ಕುರಿಯ ಫೈಲಿಗೆ ನಕಲು ಮಾಡಿಸಹೊರಟರು. ತನಗೆ ಇಪ್ಪತ್ತೈದಕ್ಕೆ ಆರು ಹಾಕಿದ್ದಾರೆಂದು ಮಾಯಕ್ಕನಿಗೆ ಗೊತ್ತಿತ್ತು.

ಸಿ ಭಾಷೆಯ ನಕಲು ಫಂಕ್ಷನ್‌ಗಳಲ್ಲಿ ಎಲ್ಲಿಗೆ ಹೋಗಬೇಕೋ ಅದು ಮೊದಲು, ಮೂಲ ಆಮೇಲೆ. ಹನ್ನೆರಡು ವರ್ಷ ಬೋರ್ಡಿನ ಮೇಲೆ ಅದನ್ನೇ ಬರೆದ ಕೈ ಇಲ್ಲಿಯೂ ಹಾಗೇ ಟೈಪು ಮಾಡಿತು: ಮೊದಲು ಕುರಿಯ ಫೈಲು, ಆಮೇಲೆ ಅಂಕಗಳ ಫೈಲು. ಮಾಯಕ್ಕನ ಪ್ರೋಗ್ರಾಮಿಗೆ ಅದು ತಿರುವುಮುರುವು.

"ಸರ್, ಮೊದಲನೇ ಹೆಸರು..."

"ನನಗ ಕಲಸಾಕ ಬರಬ್ಯಾಡ. ಬಾಯಿ ಮುಚ್ಕೊಂಡ ನಿಂದ್ರು."

ಮಾಯಕ್ಕ ಬಾಯಿ ಮುಚ್ಚಿಕೊಂಡಳು. ಇನ್ನೊಮ್ಮೆ ಹೇಳಬಹುದಿತ್ತು, ಹೇಳಲಿಲ್ಲ. ಅವರು ಎಂಟರ್ ಒತ್ತುವುದನ್ನು ಕಣ್ತುಂಬ ನೋಡಿದಳು.

ಅಂಕಗಳ ಫೈಲು ತೆರೆದ ಗೌರೀಶರ ಮುಖ ಬಿಳಚಿಕೊಂಡಿತು. "ಇಕೀ ಪ್ರೋಗ್ರಾಮ್ ನನ್ನ ಫೈಲ್ ಹಾಳ ಮಾಡೇತಿ. ಬೇಕಂತನ ಮಾಡ್ಯಾಳ. ಸೊನ್ನಿ ಹಾಕ್ರಿ ಮೇಡಂ."

ಮಾಯಕ್ಕ ರೆಕಾರ್ಡ್ ಬುಕ್ ತೆರೆದು ಮೇಡಂ ಮುಂದಿಟ್ಟಳು. "ಹಿಂಗ ಆಗಬಾರದಂತ ನಾಲ್ಕು ಸಾಲು ಬರದಿದ್ನಿರಿ. ಸರ್ ಹೊಡದ ಹಾಕ್ಯಾರ."

ಮೇಡಂ ಕೆಂಪು ಗೆರೆಗಳನ್ನೂ ಸಹಿಯನ್ನೂ ನೋಡಿದರು. "ಅಂಕಾದ ಬ್ಯಾರೆ ಕಾಪಿ ಐತೇನ್ರಿ?"

ಗೌರೀಶ ಇಲ್ಲವೆಂದು ತಲೆ ಅಲ್ಲಾಡಿಸಿದರು.

"ಹಂಗಾರ ಎಲ್ಲಾರ ರೆಕಾರ್ಡ್ ತರಸ್ರಿ. ನನ್ನ ಮುಂದ ಕುಂತು ಹೊಸದಾಗಿ ಅಂಕಾ ಹಾಕ್ರಿ. ಮೊದಲ ಇಕೀದು."

ಅವರ ಅಂಕಗಳ ಫೈಲಿನಲ್ಲಿ ಈಗ ಮೂರೇ ಸಾಲಿದ್ದವು, ಮೂರೂ ಕುರಿಯವು. ಮಾಯಕ್ಕ ಪರದೆಯನ್ನು ಅವರ ಕಡೆ ತಿರುಗಿಸಿದಳು.

"ಎಣಿಸ್ರಿ ಸರ್," ಅಂದಳು.