ಜಫರನ ಹೆಸರಿನ ಫೋಲ್ಡರು

ಪಾಂಡವಪುರದ ಆ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಯಾರ ಬೆಲೆ ಎಷ್ಟೆಂದು ತಿಳಿಯಲು ಆಯಾ ಪುಟ್ಟತಾಯಮ್ಮನ ಕಾಫಿ ತಟ್ಟೆ ನೋಡಿದರೆ ಸಾಕಿತ್ತು. ಬೇಕಾದವರಿಗೆ ಇದ್ದೊಂದು ಸ್ಟೀಲ್ ಲೋಟ, ಮಿಕ್ಕವರಿಗೆ ಪೇಪರ್ ಕಪ್ಪು. ಲ್ಯಾಬು ನೋಡಿಕೊಳ್ಳುವ ಧರ್ಮೇಂದ್ರನಿಗೆ ವರ್ಷಗಟ್ಟಲೆ ಲೋಟವೇ ಬರುತ್ತಿತ್ತು. ಶ್ರೀರಂಗಪಟ್ಟಣದಿಂದ ಜಫರ್ ಬಂದು ಸೇರಿದ ಮೇಲೆ ಅದು ಪಕ್ಕದ ಮೇಜಿಗೆ ಹೋಯಿತು.

ಹಾರ್ಡ್ ಡಿಸ್ಕ್ ಕೆಟ್ಟ ಕಂಪ್ಯೂಟರುಗಳೆಲ್ಲ ಮೂಲೆಯ ಸರ್ವರಿನಿಂದಲೇ ಬೂಟ್ ಆಗಿ ಶುರುವಾಗುವಂತೆ ಮಾಡುತ್ತೇನೆಂದು ಜಫರ್ ಹೇಳಿದ್ದ. ಕೇಂದ್ರದ ಮೇಡಂ ಅದನ್ನು ಕಂಡವರಿಗೆಲ್ಲ ಹೇಳಿಕೊಂಡಿದ್ದರು.

ಇವತ್ತು ಅವರು ನೋಡಲು ಬರುವ ದಿನ. ಪರದೆಗಳೆಲ್ಲ ಕಪ್ಪು, ಮೂಲೆಯಲ್ಲಿ ಮಿಟುಕುವ ಕರ್ಸರು. ಕಂಪ್ಯೂಟರನ್ನು ಎಬ್ಬಿಸುವ ಬೂಟ್‌ಲೋಡರ್ ಎದ್ದಿತ್ತು, ಆದರೆ ಮುಂದೇನು ಮಾಡಬೇಕೆಂದು ಹೇಳುವ ಕಾನ್ಫಿಗ್ ಫೈಲು ಅದಕ್ಕೆ ಸಿಕ್ಕಿರಲಿಲ್ಲ. ಜಫರ್ ಲ್ಯಾಪ್‌ಟಾಪಿನಲ್ಲಿ ಆ ಫೈಲಿನ ಸಾಲುಗಳನ್ನೇ ತಿದ್ದುತ್ತಿದ್ದ. ಸರ್ವರಿನ ಮುಂದೆ ಕೂತ ಧರ್ಮೇಂದ್ರನಿಗೆ ಅದರ ದಾಖಲೆಯ ಲಾಗ್ ನೋಡಿದೊಡನೆ ತಿಳಿಯಿತು: ಲೋಡರ್ ಹುಡುಕುತ್ತಿರುವುದು ‘ಬೂಟ್’ ಫೋಲ್ಡರಿನಲ್ಲಿ, ಜಫರ್ ಫೈಲು ಇಟ್ಟಿರುವುದು ತನ್ನ ಹೆಸರಿನ ಫೋಲ್ಡರಿನಲ್ಲಿ. ಅದಕ್ಕೆ ತನ್ನ ಹೆಸರು ಬೇರೆ!

ಆಗಲೇ ಹೇಳಬಹುದಿತ್ತು. ಆದರೆ ಕೇಳಲು ಜಫರನ ಹೊರತು ಯಾರಿದ್ದರು? ಧರ್ಮೇಂದ್ರ ಕಾದ.

ಮೇಡಂ ಬಂದದ್ದೇ ಗಂಟಲು ಸರಿಮಾಡಿಕೊಂಡ. “ಫೈಲೇನೋ ಸರ್ಯಾಗೇ ಅದೆ ಮೇಡಂ. ಇಟ್ಟಿರೋ ಜಾಗ ಸರಿ ಇಲ್ಲ.”

ಕಾಪಿ ಮಾಡಿದ್ದರೆ ಸಾಕಿತ್ತು. ಧರ್ಮೇಂದ್ರ ಫೈಲನ್ನು ಕಟ್ ಮಾಡಿ ‘ಬೂಟ್’ಗೆ ಹಾಕಿ, ಖಾಲಿಯಾದ ಫೋಲ್ಡರನ್ನೂ ಅಳಿಸಿದ. ಒಂದು ಕಂಪ್ಯೂಟರನ್ನು ಆಫ್ ಮಾಡಿ ಮತ್ತೆ ಆನ್ ಮಾಡಿದರು. ಮತ್ತೆ ಅದೇ ಕಪ್ಪು.

ಜಾಗದ ತಪ್ಪು ಜಫರನಿಗೂ ಮೇಡಂ ಬರುವ ಸ್ವಲ್ಪ ಮುಂಚೆ ಹೊಳೆದಿತ್ತು. ಅವನು ಫೈಲನ್ನು ಮುಟ್ಟದೆ, ತನ್ನ ಫೋಲ್ಡರಿನಲ್ಲೇ ಹುಡುಕುವಂತೆ ಲೋಡರನ್ನು ಹೊಸದಾಗಿ ಮಾಡಿಟ್ಟಿದ್ದ.

“ಧರ್ಮಣ್ಣ, ನನ್ ಫೋಲ್ಡರೇ ಕಾಣ್ತಿಲ್ವಲ್ಲ?”

ಮೇಡಂ ಕನ್ನಡಕದ ಮೇಲಿಂದ ನೋಡಿದರು.

“ನಾನೇ ತೆಗೆದ್ಬುಟ್ಟೆ ಕಣ್ಲಾ.”

“ಕಾಪಿ ಮಾಡಿದ್ರೆ ಆಗ್ತಿತ್ತು. ನನ್ ಹೆಸ್ರು ನಿಂಗೇನಣ್ಣ ಮಾಡಿತ್ತು?”

ಸರ್ವರಿನ ಕೀಬೋರ್ಡು ಧರ್ಮೇಂದ್ರನ ಮುಂದೆಯೇ ಇತ್ತು. ಮೇಡಂ ನೋಡುತ್ತಿರುವಂತೆ, ಒಂದೊಂದೇ ಅಕ್ಷರ ಒತ್ತಿ, ‘ಜಫರ್’ ಎಂಬ ಫೋಲ್ಡರನ್ನು ಅವನೇ ಮತ್ತೆ ಸೃಷ್ಟಿಸಿ ಫೈಲನ್ನು ಅದರೊಳಗೆ ಹಾಕಿದ. ಪರದೆಗಳು ಸಾಲಾಗಿ ಬೆಳಗಿದವು.

ಪುಟ್ಟತಾಯಮ್ಮ ಕಾಫಿ ತಂದಳು. ಲೋಟ ಮೇಡಂಗೆ, ಇವರಿಬ್ಬರಿಗೂ ಪೇಪರ್ ಕಪ್ಪು. ಜಫರನ ಕೈಯಲ್ಲೂ ಪೇಪರ್ ಕಪ್ಪು ಕಂಡು ಧರ್ಮೇಂದ್ರನಿಗೆ ಎಷ್ಟೋ ದಿನದ ಮೇಲೆ ಕಾಫಿ ರುಚಿಸಿತು. ಎರಡು ಗುಟುಕಾದ ಮೇಲೆ, ಯಾರ ಕಪ್ಪಿನಲ್ಲಿ ನೊರೆ ಹೆಚ್ಚಿದೆಯೆಂದು ಮೆಲ್ಲಗೆ ಬಗ್ಗಿ ನೋಡಿದ.