ನೆರಳಿಗಿಟ್ಟ ಚಪ್ಪಲಿ

ತಿಂಗಳ ಕೊನೆಯ ಭಾನುವಾರ ಬಂತೆಂದರೆ ಶಿರಸಿಯ ಯಲ್ಲಾಪುರ ನಾಕೆಯ ಹತ್ತಿರದ ಆ ಮಹಡಿ ಮನೆಯಲ್ಲಿ ‘ಪ್ರಗತಿ ಪರಿಶೀಲನಾ ಸಭೆ’. ಬೈಯುವವನೂ ನಂದನ, ಬೈಸಿಕೊಳ್ಳುವವನೂ ನಂದನ. ತಾಲೂಕಿನ ಸಾಹೇಬರ ಗಂಟಲು ತಂದುಕೊಂಡು “ಏನ್ರೀ, ಹೋದ ತಿಂಗಳೂ ಇದನ್ನೇ ಹೇಳಿದ್ರಿ?” ಎಂದು ಗುಡುಗುವನು, ಮರುಕ್ಷಣ ಕೈಕಟ್ಟಿ “ಕಾಮಗಾರಿ ಪ್ರಗತಿಯಲ್ಲಿದೆ ಸರ್” ಎಂದು ತಾನೇ ನಡುಗುವನು. ಹೆಂಡತಿ ಅಭಿಜ್ಞಾ ನಕ್ಕೂ ನಕ್ಕೂ ಚಹಾ ಚೆಲ್ಲಿಕೊಳ್ಳುವಳು.

ನಂದನ ಸ್ವತಂತ್ರ ಬರಹಗಾರ. ಸ್ವತಂತ್ರ ಅಂದರೆ, ತನ್ನದೊಂದನ್ನು ಬಿಟ್ಟು ಊರವರದನ್ನೆಲ್ಲ ಬರೆಯುವ ಸ್ವಾತಂತ್ರ್ಯ ಇದ್ದವನು. ಸನ್ಮಾನವಾದರೆ ಮಾನಪತ್ರ, ಸತ್ತರೆ ನುಡಿನಮನ. ಸಂಭಾವನೆಯಲ್ಲಿ ಭಾವನೆಯೇ ಜಾಸ್ತಿ. ಸ್ವಂತದ ಗುರಿ ಒಂದೇ: ಹೋದ ವರ್ಷ ಮಂಚಿಕೇರಿಯಲ್ಲಿ ತೀರಿಕೊಂಡ ಅಮ್ಮನ, ಅವನ ಆಯಿಯ, ಕತೆ. ಅವಳದೊಂದು ನೆಟ್ಟಗಿನ ಫೋಟೊ ಕೂಡ ಇರಲಿಲ್ಲ. ಅಕ್ಷರದಲ್ಲಾದರೂ ಉಳಿಯಲಿ ಎಂಬ ಹಟ. ಸಭೆಯಿಂದ ಸಭೆಗೆ ದೂಡುತ್ತ ಬಂದದ್ದು ಅಂತೂ ಈ ಸಲ ಮುಗಿದಿತ್ತು. ಪತ್ರಿಕೆಯ ವಿಶೇಷಾಂಕಕ್ಕೆ ಈ ಭಾನುವಾರ ಸಂಜೆಯೊಳಗೆ ಕಳಿಸಬೇಕು.

ಅಭಿಜ್ಞಾಳೆದುರು ಓದತೊಡಗಿದ. “ಬಂದವರು ಒಳಗೆ ಮಾತಾಡುತ್ತ ಕೂತಾಗ ಆಯಿ ಸದ್ದಿಲ್ಲದೆ ಅಂಗಳಕ್ಕಿಳಿದು ಅವರ ಚಪ್ಪಲಿಗಳನ್ನು ನೆರಳಿಗೆ ಸರಿಸಿಡುತ್ತಿದ್ದಳು. ಹೊರಡುವಾಗ ಯಾರ ಕಾಲೂ ಸುಡಬಾರದು...”

“ತಡಿ,” ಎಂದಳು ಅಭಿಜ್ಞಾ. “ಇದು ಸದಾಶಿವ ಹೆಗಡೇರ ಮಾನಪತ್ರದಲ್ಲಿ ಇದ್ದಲಾ?”

ಇತ್ತು, ನಂದನನೇ ಬರೆದದ್ದು. ಸಿದ್ದಾಪುರದ ಸೊಸೈಟಿ ಅಧ್ಯಕ್ಷರು ಸದಾಶಿವ ಹೆಗಡೆ. ಎಷ್ಟು ಕೆದಕಿದರೂ ಅವರ ಬಾಯಿಂದ ಬಂದದ್ದು “ಎಂತಾದ್ರೂ ಚೊಲೋದು ಬರಿ ಮಾರಾಯ” ಒಂದೇ. ಪ್ರೆಸ್ಸಿನವರು ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಆ ಅವಸರದಲ್ಲಿ ಕೈಗೆ ಸಿಕ್ಕಿದ್ದು ಆಯಿ ನೆರಳಿಗಿಟ್ಟ ಚಪ್ಪಲಿ, ಅದನ್ನೇ ಹೆಗಡೆಯವರದೆಂದು ಬರೆದಿದ್ದ. ಸನ್ಮಾನದ ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಮಾನಪತ್ರ ಪೇಪರಿನಲ್ಲೂ ಬಂತು.

ಅಭಿಜ್ಞಾ ಮೊಬೈಲು ಮುಂದೆ ಹಿಡಿದಳು. “ಮೊನ್ನೆ ಅವ್ರ ಮನೆಗೆ ಹೋದಾಗ ಯನ್ನ ಚಪ್ಪಲಿನೂ ಅವ್ರೇ ನೆರಳಿಗೆ ಇಟ್ರು. ಈಗ ದಿನಾ ಹಿಂಗೇ ಮಾಡ್ತ್ರಡ.” ಫೋಟೊದಲ್ಲಿ ಹೆಗಡೆಯವರು ಚಪ್ಪಲಿ ಹಿಡಿದು ಬಗ್ಗಿದ್ದರು. ಮುಖ ಮಾತ್ರ ಮೇಲಕ್ಕೆ, ನಗುತ್ತ.

“ಅದು ಯನ್ನ ಆಯಿದು!”

“ಯಂಗೇನೋ ಗೊತ್ತಿದ್ದು ಮಾರಾಯ. ಅತ್ತೆ ಯನ್ನ ಚಪ್ಪಲಿನೂ ಸರಿಸಿಟ್ಟಿತ್ತು. ಆದ್ರೆ ಓದವಕ್ಕೆ ಗೊತ್ತಿಲ್ಲೆ. ನೀನೇ ಹೆಗಡೇರಿಂದ ಕದ್ದೆ ಹೇಳ್ತ.”

ನಂದನ ಆ ಸಾಲುಗಳನ್ನು ಅಳಿಸಿದ. ಬೇರೆ ಏನಾದರೂ ಬರೆಯೋಣವೆಂದರೆ ಬೆರಳಿಗೆ ಬಂದದ್ದು ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’. ಅದನ್ನೂ ಅಳಿಸಿದ. ಹೆಸರಿಡುವ ಮೊದಲು ಕರುವಿನ ಕಿವಿಯಲ್ಲಿ “ಈ ಹೆಸರು ಅಡ್ಡಿಲ್ಯನೇ?” ಎಂದು ಆಯಿ ಕೇಳುತ್ತಿದ್ದುದು ನೆನಪಾಯಿತು. ಅದನ್ನು ಯಲ್ಲಾಪುರದ ನಿವೃತ್ತ ಪಶುವೈದ್ಯರಿಗೆ ಕೊಟ್ಟಾಗಿತ್ತು. ಬಿಸಿ ಚಹಾವನ್ನು ತಾನೇ ಆರಿಸಿ ಮುದುಕರ ಕೈಗಿಡುತ್ತಿದ್ದುದು? ಅದು ಯಾವುದೋ ನುಡಿನಮನಕ್ಕೆ ಹೋಗಿತ್ತು. ಯಾರದೆಂದು ಕೂಡ ನೆನಪಾಗಲಿಲ್ಲ. ಅವಸರ ಬಿದ್ದಾಗಲೆಲ್ಲ ಆಯಿಯನ್ನು ಚೂರು ಚೂರೇ ಹಂಚಿ ಮುಗಿಸಿದ್ದ.

ಫೋನು ರಿಂಗಾಯಿತು. ಬನವಾಸಿಯ ಶರಣ, ಸನ್ಮಾನ ಸಮಿತಿಯವನು.

“ಸರ, ನಮ್ಮ ಅಧ್ಯಕ್ಷರಿಗೊಂದು ಮಾನಪತ್ರ ಬೇಕ್ರಿ. ಸಿದ್ದಾಪುರದ್ದು ಪೇಪರಿನ್ಯಾಗ ಓದಿದ್ವಿ, ಭಾರಿ ಐತಿ. ಆ ಚಪ್ಪಲಿ ಅವರಿಗೆ ಹೋತು, ನಮ್ಮೋರಿಗೆ ಅಂಥಾದ್ದು ಬ್ಯಾರೆ ಒಂದ ಕೊಡ್ರಿ. ನಿಮ್ಮ ಹತ್ರ ಭಾಳ ಇರ್ತಾವಲ್ರಿ!”

“ಇದ್ವು,” ಎಂದ ನಂದನ. ಫೋನು ಕೆಳಗಿಟ್ಟ. ಲ್ಯಾಪ್‌ಟಾಪನ್ನೂ ಮುಚ್ಚಿದ.

“ಸಭೆ ಇಲ್ಯಾ ಇವತ್ತು?” ಅಭಿಜ್ಞಾ ಮೆಲ್ಲಗೆ ಕೇಳಿದಳು, ನಗಿಸಲೆಂದೇ.

ಸಾಹೇಬರ ಗಂಟಲು ತರಲು ನೋಡಿದ. “ಏನ್ರೀ...” ಎಂದು ಅಲ್ಲಿಗೇ ಬಿಟ್ಟ.

ಎದ್ದು ಹೊರಗೆ ಬಂದ. ಬಿಸಿಲು ಇನ್ನೂ ಇಳಿದಿರಲಿಲ್ಲ. ಮೆಟ್ಟಿಲ ಮೇಲೆ ಅಭಿಜ್ಞಾಳ ಚಪ್ಪಲಿ ಕಾಯುತ್ತಿತ್ತು. ಬಗ್ಗಿ ಎತ್ತಿಕೊಂಡು ಗೋಡೆಯ ನೆರಳಿಗಿಟ್ಟ. ಇಡುವಾಗ ಅವನ ಮುಖ ತಾನಾಗಿ ಮೇಲಕ್ಕೆದ್ದಿತು. ತುಟಿ ಅರಳಿತು, ಥೇಟ್ ಫೋಟೊದಲ್ಲಿದ್ದ ಹಾಗೆ. ಯಾರನ್ನು ಬೇಕಾದರೂ ಅಣಕಿಸಬಲ್ಲ ಮೈ ಅದು, ಆಯಿಯ ಬದಲು ಹೆಗಡೆಯವರನ್ನು ತಂದುಕೊಂಡಿತ್ತು.

ಚಪ್ಪಲಿಯನ್ನು ತಿರುಗಿ ಬಿಸಿಲಿಗೇ ಇಟ್ಟ.