ಇಪ್ಪತ್ತನಾಲ್ಕನೆಯ ಕಾಯಿ

“ಇಬ್ಬರೇ ಆಡೋಂಥ ಆಟ ಇದ್ರೆ ಕೊಡಿ” ಎಂದು ಅವಳು ಕೇಳಿದಾಗ ಆಟಿಕೆ ಅಂಗಡಿಯ ಯಜಮಾನರು ಕನ್ನಡಕದ ಮೇಲಿನಿಂದ ನೋಡಿದರು. ಅಲ್ಲಿಗೆ ಬರುವವರು ಐದು ವರ್ಷದ್ದು, ಎಂಟು ವರ್ಷದ್ದು ಎಂದು ಮಕ್ಕಳ ವಯಸ್ಸು ಹೇಳಿಕೊಂಡು ಬರುವವರು. ಇವಳ ತಲೆಯಲ್ಲಿ ಆಗಲೇ ಬಿಳಿಕೂದಲು.

“ಮೊಮ್ಮಕ್ಕಳಿಗಾ ತಾಯಿ?”

“ಅಲ್ಲ. ನನಗೆ, ನಮ್ಮನೆಯವರಿಗೆ.”

ಯಜಮಾನರಿಗೆ ಹುರುಪು ಬಂತು. “ಹಾಗಾದ್ರೆ ಚದುರಂಗ ಬೇಡ. ಗಂಡ ಹೆಂಡ್ತಿ ಚದುರಂಗ ಆಡಿದ್ರೆ ಸೋತವರು ಅಡುಗೆಮನೇಲಿ ಪಾತ್ರೆ ಕುಕ್ತಾರೆ. ಗಂಟೆಗಟ್ಟಲೆ ಹಿಡಿಯೋ ಆಟನೂ ಬೇಡ, ಒಬ್ರಿಗೆ ಆಕಳಿಕೆ ಬಂದ್ರೆ ಇನ್ನೊಬ್ರಿಗೆ ಸಿಟ್ಟು ಬರುತ್ತೆ. ಬರೀ ದಾಳ ಉರುಳಿಸೋದಾದ್ರೆ ಎರಡೇ ದಿನಕ್ಕೆ ಬೇಜಾರು. ಅರ್ಧ ಬುದ್ಧಿ, ಅರ್ಧ ಅದೃಷ್ಟ ಇರ್ಬೇಕು. ಸಂಸಾರದ ಹಾಗೆ!” ಎಂದು ತಮ್ಮ ಮಾತಿಗೆ ತಾವೇ ನಕ್ಕರು. ಅವಳೂ ನಕ್ಕಳು. ಆಗ ಇನ್ನೂ ನಗುವ ಕಾಲ.

ಮಗಳು ಮದುವೆಯಾಗಿ ಹೋಗಿ ನಾಲ್ಕು ತಿಂಗಳಾಗಿತ್ತು. ಅವಳು ಹೋಗುವಾಗ ಎರಡು ಪೆಟ್ಟಿಗೆ ಬಟ್ಟೆಯ ಜೊತೆ ಮನೆಯ ಮಾತನ್ನೆಲ್ಲ ಕಟ್ಟಿಕೊಂಡು ಹೋದಳೋ ಏನೋ. ಅಪ್ಪ ಅಮ್ಮ ಇಬ್ಬರೂ ಅವಳ ಮೂಲಕವೇ ಮಾತಾಡಿಕೊಳ್ಳುತ್ತಿದ್ದರು ಎಂಬುದು ಅವಳು ಹೋದ ಮೇಲೆಯೇ ತಿಳಿದದ್ದು. ಗಂಡನ ಕೆಲಸ ಬಸ್ ನಿಲ್ದಾಣದಲ್ಲಿ, ಧ್ವನಿವರ್ಧಕದ ಮುಂದೆ. ಯಾವ ಬಸ್ಸು ಯಾವ ಅಂಕಣದಿಂದ ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ದಿನವಿಡೀ ಸಾವಿರಾರು ಜನಕ್ಕೆ ಹೇಳುವ ಬಾಯಿ, ಮನೆಗೆ ಬಂದರೆ ಮುತ್ತು ಉದುರಿಹೋದೀತೇನೋ ಎಂಬಂತೆ ಮುಚ್ಚಿಕೊಂಡಿರುತ್ತಿತ್ತು. “ಊಟ ಆಯ್ತಾ?” “ಹೂಂ.” “ಮಗಳು ಫೋನ್ ಮಾಡಿದ್ಲು.” “ಹೂಂ.” ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಅವಳು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದಳು. ಬೈದರೇನು, ಬೇಕಾಗಿದ್ದದ್ದು ಅವನೇ. ಸಂಜೆ ಒಂದು ಗಂಟೆ ಎದುರುಬದುರು ಕೂತು, ಗೆದ್ದಾಗ ಸೋತಾಗ ನಾಲ್ಕು ಮಾತು. ಇಷ್ಟು ಸಿಕ್ಕರೆ ಉಳಿದ ಆಯಸ್ಸು ಸಾಗೀತು ಎಂದು ಅವಳ ಲೆಕ್ಕ.

ಲೆಕ್ಕ ಎಂದರೆ ಅವಳದೇ. ಮಾತ್ರೆ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಹತ್ತೊಂಬತ್ತು ವರ್ಷದಿಂದ ಅವಳು ಪೆಟ್ಟಿಗೆ ತಪಾಸಣೆ ಮಾಡುತ್ತಿದ್ದಳು. ಪೆಟ್ಟಿಗೆಗೆ ಹತ್ತು ಮಾತ್ರೆ ಪಟ್ಟಿ, ಒಂದು ಮಾಹಿತಿ ಚೀಟಿ, ಚೀಟಿಗೆ ನಾಲ್ಕು ಮಡಿಕೆ. ಅಲ್ಲಿನ ಹೆಂಗಸರು ಅವಳನ್ನು ‘ಎಣಿಕೆ ಅಕ್ಕ’ ಎಂದೇ ಕರೆಯುತ್ತಿದ್ದರು. ಒಂದು ಪಟ್ಟಿ ಕಡಿಮೆಯಿದ್ದರೆ ಪೆಟ್ಟಿಗೆ ವಾಪಸ್. ಒಂದು ಹೆಚ್ಚಿದ್ದರೂ ವಾಪಸ್. “ಹೆಚ್ಚಿಗೆ ಕೊಟ್ರೆ ಯಾರಕ್ಕಾ ಬೇಡ ಅಂತಾರೆ?” ಎಂದು ಹೊಸಬಳೊಬ್ಬಳು ಕೇಳಿದ್ದಕ್ಕೆ, “ಇಲ್ಲಿ ಹೆಚ್ಚಿದೆ ಅಂದ್ರೆ ಇನ್ನೆಲ್ಲೋ ಕಡಿಮೆ ಬಿದ್ದಿದೆ ಅಂತ ಕಣೇ. ಹೆಚ್ಚೂ ತಪ್ಪೇ” ಎಂದಿದ್ದಳು. ಆ ಮಾತು ಅಲ್ಲಿ ಗಾದೆಯಾಗಿ ಉಳಿದುಬಿಟ್ಟಿತ್ತು.

ಮನೆಯಲ್ಲೂ ಅದೇ ಕೈ. ಆಟ ಶುರುವಾಗುವ ಮುಂಚೆ ಕಾಯಿಗಳನ್ನು ಎಣಿಸುತ್ತಿದ್ದಳು, ಮುಗಿದ ಮೇಲೆ ಮತ್ತೆ ಎಣಿಸುತ್ತಿದ್ದಳು, ನಿಯಮದ ಹಾಳೆಯನ್ನು ನಾಲ್ಕಾಗಿ ಮಡಿಸಿ ತಳದಲ್ಲಿಡುತ್ತಿದ್ದಳು.

ಮೊದಲು ತಂದದ್ದು ಹಡಗು ಹುಡುಕುವ ಆಟ. ಅವನು ಎರಡು ಸಂಜೆ ಆಡಿ, ಮೂರನೆಯ ಸಂಜೆ “ತಲೆನೋವು” ಎಂದ. ಆಮೇಲೆ ಚೌಕದ ಬಿಲ್ಲೆಗಳನ್ನು ಜೋಡಿಸಿ ದಾರಿ ಕಟ್ಟುವ ಆಟ. “ದಿನಾ ಬಸ್ಸಿನ ದಾರಿ ಹೇಳಿ ಹೇಳಿ ಸಾಕಾಗಿದೆ, ಮನೇಲೂ ದಾರೀನಾ?” ಎಂದ. ಅಕ್ಷರ ಕೂಡಿಸಿ ಪದ ಮಾಡುವ ಆಟದಲ್ಲಿ ಮೂರಕ್ಷರಕ್ಕಿಂತ ಉದ್ದದ ಪದವೇ ಅವನಿಗೆ ಹೊಳೆಯಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಆದರೂ ಬಿಡದೆ ಅವಳು ತಿಂಗಳಿಗೊಮ್ಮೆ ಅಂಗಡಿಗೆ ಹೋದಳು. ಯಜಮಾನರು ತಾಳ್ಮೆಯಿಂದ ಪೆಟ್ಟಿಗೆಗಳನ್ನು ಇಳಿಸಿದರು. ಗೋಡೆಯ ಕಪಾಟಿನಲ್ಲಿ ಐದು ಪೆಟ್ಟಿಗೆ ಸಾಲುಗಟ್ಟಿ ನಿಂತವು.

ಒಂದು ದಿನ ಧೂಳು ಒರೆಸುವಾಗ ಪದದಾಟದ ಪೆಟ್ಟಿಗೆ ತೆರೆದಳು. ನಿಯಮದ ಹಾಳೆ ಮೂರು ಮಡಿಕೆಯಾಗಿತ್ತು. ಉಳಿದವನ್ನೂ ತೆರೆದು ನೋಡಿದಳು. ಬಿಲ್ಲೆಯ ಪೆಟ್ಟಿಗೆಯಲ್ಲೂ ಮೂರೇ ಮಡಿಕೆ. ಅಂಕ ಬರೆಯುವ ಪೆನ್ಸಿಲ್ ಅರ್ಧಕ್ಕರ್ಧ ಸವೆದುಹೋಗಿತ್ತು. ಬೆಳಿಗ್ಗೆ ಅವಳು ಎಂಟಕ್ಕೆ ಹೊರಟರೆ ಅವನು ಒಂಬತ್ತಕ್ಕೆ ಹೊರಡುವುದು. ಸಂಜೆ ಅವಳಿಗಿಂತ ಒಂದು ಗಂಟೆ ಮುಂಚೆ ಬರುವುದು. ಪೆಟ್ಟಿಗೆ ಹೊರಗೆ ಹೋಗಿ ಒಳಗೆ ಬಂದರೂ ಅವಳಿಗೆ ಕಾಣದು. ಅಂದರೆ ಇವನು ಪೆಟ್ಟಿಗೆಗಳನ್ನು ಚೀಲದಲ್ಲಿಟ್ಟುಕೊಂಡು ಹೋಗಿ, ಊಟದ ಬಿಡುವಿನಲ್ಲಿ ಒಬ್ಬನೇ ಕೂತು ಅಭ್ಯಾಸ ಮಾಡುತ್ತಿದ್ದಾನೆ! ಹೆಂಡತಿಯನ್ನು ಸೋಲಿಸಬೇಕೆಂದು! ನೋಡಿ ಅವಳ ಬುದ್ಧಿ. ಅವಳಿಗೆ ಬೇರೆ ಏನೂ ಹೊಳೆಯಲೇ ಇಲ್ಲ. ಆ ದಿನವೆಲ್ಲ ಅವಳ ಕಾಲು ನೆಲದ ಮೇಲಿರಲಿಲ್ಲ.

ಆ ವಾರವೇ ಕಾರ್ಖಾನೆಯಲ್ಲಿ ಯಂತ್ರ ಕೆಟ್ಟು ಎಲ್ಲರನ್ನೂ ಮಧ್ಯಾಹ್ನಕ್ಕೆ ಬಿಟ್ಟರು. ಅವಳು ಊಟದ ಡಬ್ಬಿ ಹಿಡಿದುಕೊಂಡು ನೇರ ಬಸ್ ನಿಲ್ದಾಣಕ್ಕೆ ಹೋದಳು. ಕಳ್ಳನನ್ನು ಕೈಯಾರೆ ಹಿಡಿದು, ಪಕ್ಕದಲ್ಲೇ ಕೂತು ಉಂಡು, ಒಂದು ಆಟ ಆಡಿ ಬರುವುದು ಎಂದು ದಾರಿಯುದ್ದಕ್ಕೂ ಅಂದುಕೊಂಡಳು. ಮೇಲಿನ ಧ್ವನಿವರ್ಧಕದಲ್ಲಿ ಅವನದಲ್ಲದ ದನಿ ಬಸ್ಸುಗಳನ್ನು ಕೂಗುತ್ತಿತ್ತು. ಅವನಿಗೆ ಬಿಡುವು. ಪ್ರಕಟಣೆಯ ಕೋಣೆಯಲ್ಲಿ ಅವನಿರಲಿಲ್ಲ. ಅದರ ಪಕ್ಕ ಕಳೆದುಹೋದ ಸಾಮಾನುಗಳ ಕೌಂಟರು. ಛತ್ರಿ, ಚೀಲ, ಒಂಟಿ ಚಪ್ಪಲಿ ತುಂಬಿದ ಕಪಾಟುಗಳ ನಡುವೆ ಒಂದು ಸ್ಟೂಲಿನ ಮೇಲೆ ಅವಳು ಆರಿಸಿ ತಂದ ಹಡಗಿನ ಆಟ. ಒಂದು ಬದಿಗೆ ಅವನು, ಇನ್ನೊಂದು ಬದಿಗೆ ಆ ಕೌಂಟರಿನ ಹೆಂಗಸು.

ಹೆಂಗಸು ರಂಭೆಯೇನಲ್ಲ. ಇವಳದೇ ವಯಸ್ಸು, ಮೂಗಿನ ತುದಿಯಲ್ಲಿ ಕನ್ನಡಕ. ಕೈಗೆ ಕೈ ತಾಗಿರಲಿಲ್ಲ. ಆದರೆ ಅವನು ನಗುತ್ತಿದ್ದ. “ಅಯ್ಯೋ ಮೋಸ! ಇವರು ಮೋಸ ಮಾಡ್ತಾರೆ ಸಾರ್!” ಎಂದು ಸ್ಟೂಲು ಕುಟ್ಟಿ, ತಲೆ ಹಿಂದಕ್ಕೆ ಹಾಕಿ, ಗಾಜಿನಾಚೆಗೂ ಕೇಳುವಂತೆ ಯಾವುದೋ ಕಾಣದ ಸಾಹೇಬರಿಗೆ ದೂರು ಹೇಳುತ್ತಿದ್ದ. ಆ ನಗುವನ್ನು ಅವಳು ಕೊನೆಯ ಸಲ ಕೇಳಿದ್ದು ಮಗಳು ನಡೆಯಲು ಕಲಿತ ದಿನ.

ಅವಳು ಒಳಗೆ ಹೋಗಲಿಲ್ಲ. ಅವನ ಕೈ ಹೆಂಗಸಿನ ಕೈ ಮೇಲಿದ್ದಿದ್ದರೆ ಒಳಗೆ ನುಗ್ಗಿ ರಂಪ ಮಾಡಬಹುದಿತ್ತು. ಆಟ ಆಡುತ್ತಿದ್ದವರನ್ನು ಏನೆಂದು ಬೈಯುವುದು? ಇಟ್ಟುಕೊಂಡವಳು ಇರೋ ತನಕ, ಕಟ್ಟಿಕೊಂಡವಳು ಕೊನೇ ತನಕ ಎನ್ನುತ್ತಾರೆ. ಜೊತೆಗೆ ಆಡುವವಳು ಎಲ್ಲಿಯ ತನಕ ಎಂದು ಯಾವ ಗಾದೆಯೂ ಹೇಳುವುದಿಲ್ಲ. ಆರು ತಿಂಗಳಿಂದ ಕಾಲು ಸವೆಸಿ, ಅಂಗಡಿಯವರ ತಲೆ ತಿಂದು, ಆರಿಸಿ ಆರಿಸಿ ತಂದವಳು ತಾನು; ಆಡುವವಳು ಅವಳು. ಅಡುಗೆ ಮಾಡಿದವಳು ಹಸಿದು ಕೂತು, ಪಕ್ಕದ ಮನೆಯವಳು ಉಂಡು ಕೈತೊಳೆದಂತಾಯಿತು. ಊಟದ ಡಬ್ಬಿಯನ್ನು ಹಾಗೆಯೇ ಮನೆಗೆ ತಂದಳು.

ಮುಂದಿನ ವಾರ ಮತ್ತೆ ಅಂಗಡಿಗೆ ಹೋದಳು. “ನಿಮ್ಮ ಹತ್ರ ಇರೋದ್ರಲ್ಲೆಲ್ಲ ಒಳ್ಳೇದು ಕೊಡಿ” ಎಂದಳು. ಯಜಮಾನರು ಮೇಲಿನ ಅಟ್ಟದಿಂದ ಮರದ ಪೆಟ್ಟಿಗೆಯೊಂದನ್ನು ಇಳಿಸಿದರು. ಹಲಗೆಯ ಮೇಲೆ ಹಕ್ಕಿಗಳನ್ನು ನಡೆಸುವ ಆಟ. ಹನ್ನೆರಡು ಬಿಳಿಹಕ್ಕಿ, ಹನ್ನೆರಡು ಕರಿಹಕ್ಕಿ, ಒಂದೊಂದೂ ಕೈಯಲ್ಲಿ ಕೆತ್ತಿದ್ದು. “ಒಂದು ಹಕ್ಕಿ ಕಡಿಮೆಯಾದ್ರೂ ಆಟ ನಡೆಯಲ್ಲ ತಾಯಿ, ಜೋಪಾನ” ಎಂದರು.

ಮನೆಗೆ ಬಂದು ಎಣಿಸಿದಳು. ಇಪ್ಪತ್ತನಾಲ್ಕು. ಒಂದು ಬಿಳಿಹಕ್ಕಿಯನ್ನು ತೆಗೆದು ತನ್ನ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡಳು. ಹತ್ತೊಂಬತ್ತು ವರ್ಷದಲ್ಲಿ ಅವಳ ಕೈಯಿಂದ ಕಡಿಮೆಯ ಪೆಟ್ಟಿಗೆ ಒಂದೂ ಹೊರಗೆ ಹೋಗಿರಲಿಲ್ಲ. ಆದರೂ ಮುಚ್ಚಳ ಹಾಕಿದಳು. ಸಂಜೆ ಗಂಡನಿಗೆ, “ಹೊಸ ಆಟ ತಂದಿದೀನಿ. ಈ ವಾರ ನಂಗೆ ಪುರುಸೊತ್ತಿಲ್ಲ, ರಜೆ ದಿನ ತೆಗೆಯೋಣ” ಎಂದಳು.

“ಹೂಂ” ಎಂದ.

ಈಗ ಸಿಕ್ಕಿಬೀಳುತ್ತಾನೆ ಎಂದುಕೊಂಡಳು. ಅವರ ಆಟ ಕೆಡುತ್ತದೆ. ಹಕ್ಕಿ ಎಲ್ಲಿ ಎಂದು ಅವನು ತನ್ನನ್ನೇ ಕೇಳಬೇಕು. ಕೇಳಿದರೆ, ಪೆಟ್ಟಿಗೆ ತೆಗೆದದ್ದು ಯಾಕೆ ಎಂದು ಹೇಳಬೇಕು. ಐದು ದಿನ ಅವಳು ಅವನ ಬಾಯನ್ನೇ ಕಾದಳು. ಅವನು ಕೇಳಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಐದೂ ದಿನ ಸ್ನಾನದ ಮನೆಯಲ್ಲಿ ಹಾಡು ಗುನುಗಿದ.

ರಜೆಯ ದಿನ ಚಹಾ ಕುಡಿದು ಅವಳು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು. ಅವನು ಎದುರಿಗೆ ಬಂದು ಕೂತ. ಅವಳು ಎಣಿಸತೊಡಗಿದಳು. ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು, ಇಪ್ಪತ್ತನಾಲ್ಕು.

ಇಪ್ಪತ್ತನಾಲ್ಕನೆಯದು ಹಕ್ಕಿಯಲ್ಲ. ಕೋಟಿನ ದೊಡ್ಡ ನೀಲಿ ಗುಂಡಿ. ಅದರ ಮೇಲೆ ಯಾರೋ ಬಿಳಿ ಶಾಯಿಯಲ್ಲಿ ಪುಟ್ಟದಾಗಿ ಎರಡು ಕಣ್ಣು, ಒಂದು ಕೊಕ್ಕು ಬರೆದಿದ್ದರು.

“ಇದೇನು ರೀ?”

ಅವನು ಗುಂಡಿಯನ್ನು ನೋಡಿದ. ಕಿವಿ ಕೆಂಪಾಯಿತು. “ಪೆಟ್ಟಿಗೇಲೇ ಬಂದಿರ್ಬೇಕು.”

ಅವಳು ಕನ್ನಡಕದ ಡಬ್ಬಿ ತೆರೆದು ಬಿಳಿಹಕ್ಕಿಯನ್ನು ಮೇಜಿನ ಮೇಲೆ ನಿಲ್ಲಿಸಿದಳು. “ಪೆಟ್ಟಿಗೇಲಿ ಬಂದಿದ್ದು ಇದು.”

ಅವನು ಬಸ್ಸು ತಡವಾಗಿದೆ ಎಂದು ಪ್ರಕಟಿಸುವವನಂತೆ ನೆಲ ನೋಡುತ್ತ ಹೇಳಿದ. “ಕೌಂಟರಿನೋರು ಇದ್ದಾರೆ. ಊಟದ ಹೊತ್ತಲ್ಲಿ ಸ್ವಲ್ಪ ಆಡ್ತೀವಿ. ಆಟ ಅಷ್ಟೇ ಕಣೇ. ನಿನ್ನಾಣೆ, ಬೇರೇನೂ ಇಲ್ಲ.”

“ಬೇರೇನಾದ್ರೂ ಇದ್ದಿದ್ರೆ ಹಾಳಾಗಿಹೋಗ್ಲಿ ಅಂತಿದ್ದೆ. ನಾನು ಕೇಳಿದ್ದು ಆಟ ಒಂದನ್ನೇ” ಎಂದಳು. “ಅದನ್ನೇ ತಗೊಂಡು ಹೋಗಿ ಅಲ್ಲಿ ಕೊಟ್ರಲ್ಲ? ನನ್ ಜೊತೆ ಏನಾಗಿತ್ತು ನಿಮಗೆ?”

“ನಿನ್ ಜೊತೆ ಕೂತ್ರೆ ತಪಾಸಣೆಗೆ ಕೂತ ಹಾಗಿರುತ್ತೆ. ಮುಂಚೆ ಎಣಿಸ್ತೀಯ, ಆಮೇಲೆ ಎಣಿಸ್ತೀಯ. ನಾನು ಒಂದು ಕಾಯಿ ಎತ್ತಿದ್ರೆ ನಿನ್ ಕಣ್ಣು ನನ್ ಕೈ ಮೇಲೇ ಇರುತ್ತೆ.”

“ಕಳೆದುಹೋಗ್ಬಾರ್ದು ಅಂತ ಎಣಿಸ್ತೀನಿ!”

“ಕಳೆದ್ರೆ ಏನಾಯ್ತೇ?” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. “ಅಲ್ಲೂ ಒಂದು ಕಡಿಮೆ ಬಿತ್ತು. ಅವರು ಯಾರೂ ಕೇಳದ ಸಾಮಾನಿಂದ ಒಂದು ಗುಂಡಿ ಹುಡುಕಿ, ಕಣ್ಣು ಬರೆದ್ರು. ಆಡಿದ್ವಿ. ಚೆನ್ನಾಗೇ ಇತ್ತು.”

ಅವರ ಆಟ ಕೆಡಿಸಲು ತಾನು ಕದ್ದ ಹಕ್ಕಿ ಅವರಿಗೆ ಇನ್ನೊಂದು ನಗುವನ್ನು ಒದಗಿಸಿಕೊಟ್ಟಿತ್ತು. ಅವಳಿಗೆ ಅಳು ಬರಬೇಕಿತ್ತು. ಬಂದದ್ದು ನಾಚಿಕೆ. ಅಭ್ಯಾಸಬಲದಿಂದ ಕೈ ತಾನಾಗಿ ಬಿಳಿಹಕ್ಕಿಯನ್ನು ಸಾಲಿಗೆ ಸೇರಿಸಿ ಮೊದಲಿನಿಂದ ಎಣಿಸಿತು.

“ಸರಿಹೋಯ್ತಲ್ಲ, ಈಗ ಎಲ್ಲಾ ಇದೆ. ಬಾ, ಒಂದಾಟ ಆಡೋಣ” ಎಂದು ಅವನು ಸಮಾಧಾನಕ್ಕೆಂಬಂತೆ ಹಲಗೆ ಬಿಡಿಸಿದ.

“ಇಪ್ಪತ್ತೈದಿದೆ. ಒಂದು ಹೆಚ್ಚು.”

ಅವನು ಗುಂಡಿಯನ್ನು ಎತ್ತಿಕೊಂಡ. ಕಿಟಕಿಯಿಂದ ಎಸೆಯಬಹುದಿತ್ತು, ಅವಳ ಕೈಗೆ ಕೊಡಬಹುದಿತ್ತು. ಕಿತ್ತುಹೋದ ತನ್ನ ಅಂಗಿಯ ಗುಂಡಿಯನ್ನು ಎಲ್ಲೆಂದರಲ್ಲಿ ಬಿಸಾಡುವ ಮನುಷ್ಯ, ಅದರ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿ, ಅಂಗಿಯ ಜೇಬಿಗೆ ಹಾಕಿ, ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ತಾನು ಹಾಗೆ ಮಾಡಿದೆ ಎಂಬುದೂ ಅವನಿಗೆ ಗೊತ್ತಾಗಲಿಲ್ಲ.

ಅವಳಿಗೆ ಗೊತ್ತಾಯಿತು. ಹೆಚ್ಚಾಗಿದ್ದದ್ದು ಗುಂಡಿಯಲ್ಲ; ಯಾವುದು ಎಂಬ ಲೆಕ್ಕ ಅಲ್ಲಿಗೆ ಮುಗಿಯಿತು.

ಹಲಗೆ ಮಡಚಿದಳು. ಹಕ್ಕಿಗಳನ್ನು ಎಣಿಸದೆ ಪೆಟ್ಟಿಗೆಗೆ ಸುರಿದಳು. ಮುಚ್ಚಳ ಹಾಕಿ ಪೆಟ್ಟಿಗೆಯನ್ನು ಅವನ ಕಡೆಗೆ ತಳ್ಳಿ, “ನಾಳೆ ಇದನ್ನ ತಗೊಂಡು ಹೋಗಿ. ಕದ್ದುಮುಚ್ಚಿ ಬೇಡ” ಎಂದಳು.

ಬೇಡ ಎನ್ನುತ್ತಾನೆ, ಏನು ಮಾತಾಡ್ತೀಯ ಎಂದು ಗದರುತ್ತಾನೆ ಎಂದು ಅವಳೊಳಗೆ ಇನ್ನೂ ಯಾವಳೋ ಒಬ್ಬಳು ಪೆದ್ದಿ ಕಾಯುತ್ತಿದ್ದಳು. ಅವನ ಮುಖದಲ್ಲಿ ಮೊದಲು ಗಾಬರಿ ಕಂಡಿತು. ಆಮೇಲೆ ಎಷ್ಟು ಅದುಮಿದರೂ ಅಡಗದೆ, ಹೊರೆ ಇಳಿಸಿದವನ ನಿರಾಳ ಆ ಮುಖದಲ್ಲಿ ಹರಡಿತು. ಕಪಾಟಿನ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಕೇಳಿದ.

“ಆ ಐದನ್ನೂ ತಗೊಂಡು ಹೋಗ್ಲಾ?”